ಉಲ್ಟಾ ಸರ್ವೊ

ರಾತ್ರಿ ಹತ್ತೂವರೆಯ ಹೊತ್ತಿಗೆ ನಮ್ಮಾಕೆ ಸೊಳ್ಳೆ ಬ್ಯಾಟು ಹಿಡಿದು ನನ್ನ ಕೋಣೆಗೆ ಬಂದಳು. "ಎಲ್ಲೋ ಗುಂಯ್ ಅಂತಿದೆ ರೀ, ಹಾಲ್‌ವರೆಗೂ ಕೇಳ್ತಿದೆ" ಎಂದು ಪರದೆಯ ಹಿಂದೆ, ಮೇಜಿನ ಕೆಳಗೆ, ಪುಸ್ತಕದ ಕಪಾಟಿನ ಮೂಲೆಯಲ್ಲಿ ಬೀಸಿ ನೋಡಿದಳು. ಒಂದೂ ಚಟ್ ಅನ್ನಲಿಲ್ಲ. ಅನ್ನುವುದಾದರೂ ಹೇಗೆ? ಗುಂಯ್‌ಗುಡುತ್ತಿದ್ದುದು ನನ್ನ ಮೇಜಿನ ಮೇಲಿದ್ದ, ಬೆಂಕಿಪೊಟ್ಟಣಕ್ಕಿಂತ ತುಸು ಧಡೂತಿಯಾದ ಕಪ್ಪು ಡಬ್ಬಿ. ಅದರ ತಲೆಯ ಮೇಲಿನ ಪ್ಲಾಸ್ಟಿಕ್ ಕೈಯನ್ನು ನಾನು ಬೆರಳಿನಿಂದ ಒತ್ತಿ ಹಿಡಿದಿದ್ದೆ. ಕದಲಿಸುತ್ತೇನೆಂದು ನಾನು, ಕದಲುವುದಿಲ್ಲವೆಂದು ಅದು. ಆ ಜಗಳದ ಸದ್ದೇ ಹಾಲಿಗೆ ಕೇಳಿಸಿದ್ದು. ಬೆರಳು ತೆಗೆದೆ, ಸದ್ದು ನಿಂತಿತು. ಬ್ಯಾಟು ಕೆಳಗಿಳಿಯಿತು. "ಇದಾ!" ಎಂದು ಹೊರಟುಹೋದಳು. ಮೂವತ್ತು ವರ್ಷದ ದಾಂಪತ್ಯದಲ್ಲಿ ‘ಇದಾ’ ಎಂಬ ಎರಡಕ್ಷರಕ್ಕೆ ಎಷ್ಟು ಅರ್ಥ ತುಂಬಬಹುದೋ ಅಷ್ಟೂ ಅದರಲ್ಲಿತ್ತು.

ಡಬ್ಬಿಯ ಹೆಸರು ಸರ್ವೊ. ರೇಡಿಯೊದಿಂದ ಹಾರಿಸುವ ಪುಟ್ಟ ವಿಮಾನಗಳಿಗೆ ಕೈಕಾಲು ಅಂದರೆ ಇವೇ. ನೆಲದ ಮೇಲೆ ನಿಂತ ನಾನು ಕೈಯಲ್ಲಿನ ರೇಡಿಯೊದ ಕಡ್ಡಿ ಎಳೆದರೆ, ಮೇಲೆ ಹಾರುತ್ತಿರುವ ವಿಮಾನದ ಹೊಟ್ಟೆಯೊಳಗೆ ಸರ್ವೊದ ಕೈ ತಿರುಗುತ್ತದೆ. ಆ ಕೈಗೆ ಸಿಕ್ಕಿಸಿದ ಉಕ್ಕಿನ ಸರಳು ಮೂಗನ್ನು ಏರಿಳಿಸುವ ಬಾಲದ ಎಲಿವೇಟರನ್ನೋ ವಿಮಾನವನ್ನು ವಾಲಿಸುವ ರೆಕ್ಕೆಯ ಏಲರಾನನ್ನೋ ಎಳೆಯುತ್ತದೆ ಇಲ್ಲವೇ ತಳ್ಳುತ್ತದೆ. ಡಬ್ಬಿ ಬಿಚ್ಚಿದರೆ ಒಳಗೆ ಮಹಾ ರಹಸ್ಯವೇನಿಲ್ಲ. ಒಂದು ಪುಟಾಣಿ ಮೋಟಾರು, ಅದರ ಓಟವನ್ನು ತಗ್ಗಿಸಿ ಬಲ ಕೊಡುವ ನಾಲ್ಕೈದು ಗೇರು, ಹಳೇ ರೇಡಿಯೊದ ವಾಲ್ಯೂಮ್ ತಿರುಪಿನ ಜಾತಿಗೆ ಸೇರಿದ ಒಂದು ಪೊಟೆನ್ಶಿಯೊಮೀಟರ್, ಬೆರಳುಗುರಿನಷ್ಟು ಸರ್ಕ್ಯೂಟು. ಹೊರಗೆ ಮೂರು ತಂತಿ: ಎರಡು ಕರೆಂಟಿಗೆ, ಒಂದು ಅಪ್ಪಣೆಗೆ.

ಅಪ್ಪಣೆ ಬರುವ ರೀತಿ ಮಾತ್ರ ಸೊಗಸಾಗಿದೆ. ಸೆಕೆಂಡಿಗೆ 50 ಸಲ ಆ ಮೂರನೆಯ ತಂತಿಯಲ್ಲಿ ಒಂದು ಮಿಡಿತ ಬರುತ್ತದೆ. ಮಿಡಿತ 1500 ಮೈಕ್ರೊಸೆಕೆಂಡ್ ಇದ್ದರೆ ‘ನಡುವೆ ನಿಲ್ಲು’ ಎಂದರ್ಥ. 1000 ಇದ್ದರೆ ಒಂದು ಕಡೆಗೆ, 2000 ಇದ್ದರೆ ಇನ್ನೊಂದು ಕಡೆಗೆ. ಮೈಕ್ರೊಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಸರ್ವೊ ಹತ್ತಾರು... ಬೇಡ, ಲೆಕ್ಕ ಶುರುವಾದರೆ ನನಗೇ ನಿಲ್ಲಿಸಲು ಬರುವುದಿಲ್ಲ. ನಾನೆಲ್ಲಿದ್ದೇನೆ ಎಂದು ಸರ್ವೊ ತನ್ನ ವಾಲ್ಯೂಮ್ ತಿರುಪನ್ನು ಕೇಳಿಕೊಳ್ಳುತ್ತದೆ, ಎಲ್ಲಿರಬೇಕು ಎಂದು ಮಿಡಿತವನ್ನು ಕೇಳಿಕೊಳ್ಳುತ್ತದೆ, ಎರಡಕ್ಕೂ ತಾಳೆಯಾಗುವ ತನಕ ಮೋಟಾರನ್ನು ಓಡಿಸುತ್ತದೆ. ಅದರ ಬಾಳು ಇಷ್ಟೇ.

ಡಿಜಿಟಲ್ ಸರ್ವೊ ಎಂದೊಡನೆ ಅದಕ್ಕೆ ಬರುವ ಅಪ್ಪಣೆಯೇ ಬೇರೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಅಲ್ಲ. ಮಿಡಿತ ಅದೇ, ತಂತಿ ಅದೇ. ಬೇರೆಯಾಗಿರುವುದು ಒಳಗಿನ ಯಜಮಾನ. ಹಳೆಯ ಅನಲಾಗ್ ಸರ್ವೊ ಮೋಟಾರಿಗೆ ಸೆಕೆಂಡಿಗೆ 50 ಸಲ ಕರೆಂಟು ಕೊಟ್ಟು ನೂಕುತ್ತದೆ. ತಪ್ಪು ಚಿಕ್ಕದಿದ್ದರೆ ನೂಕೂ ಚಿಕ್ಕದು. ಡಿಜಿಟಲ್ಲಿನೊಳಗೆ ಒಂದು ಮೈಕ್ರೊಪ್ರೊಸೆಸರ್ ಕೂತಿರುತ್ತದೆ. ಅದು ಸೆಕೆಂಡಿಗೆ 300 ಸಲವೋ ಇನ್ನೂ ಹೆಚ್ಚೋ ನೂಕುತ್ತದೆ. ಕೂದಲೆಳೆಯಷ್ಟು ಸರಿದರೂ ಸಹಿಸುವುದಿಲ್ಲ, ಮೈಯೆಲ್ಲ ಬಲ ಹಾಕಿ ಹಿಂದಕ್ಕೆ ಬರುತ್ತದೆ. ಸೊಳ್ಳೆಯ ಸದ್ದು ಬರುವುದು ಅದರಿಂದಲೇ. ಬ್ಯಾಟರಿ ಬೇಗ ಕರಗುವುದೂ ಅದರಿಂದಲೇ. ಇಂಥ ಐದಾರು ಸರ್ವೊಗಳನ್ನು ದುರ್ಬಲ ಸಪ್ಲೈಗೆ ಸಿಕ್ಕಿಸಿದರೆ, ಎಲ್ಲ ಒಟ್ಟಿಗೆ ಎಳೆದಾಗ ವೋಲ್ಟೇಜು ಕುಸಿದು ನೆಲದ ರೇಡಿಯೊದ ಮಾತು ಕೇಳುವ ರಿಸೀವರೇ ಒಂದು ಗಳಿಗೆ ಮೂರ್ಛೆ ಹೋಗುವುದುಂಟು. ಮೂರ್ಛೆ ಒಂದು ಗಳಿಗೆಯದೇ ಇರಬಹುದು, ವಿಮಾನ ಅಷ್ಟು ಹೊತ್ತು ಕಾಯುವುದಿಲ್ಲ.

ಯಜಮಾನ ಇದ್ದಮೇಲೆ ಅವನಿಗೆ ಬುದ್ಧಿ ಹೇಳಲೂಬಹುದು. ಪ್ರೋಗ್ರಾಮಿಂಗ್ ಅಂದರೆ ಅದೇ. ಸರ್ವೊವನ್ನು ಪ್ರೋಗ್ರಾಮರ್ ಎಂಬ ಪುಟ್ಟ ಯಂತ್ರಕ್ಕೋ ಯುಎಸ್‌ಬಿ ಮೂಲಕ ಕಂಪ್ಯೂಟರಿಗೋ ಸಿಕ್ಕಿಸಿದರೆ, ಅಪ್ಪಣೆ ಬರುವ ಅದೇ ತಂತಿಯಲ್ಲಿ ಬುದ್ಧಿಮಾತೂ ಹೋಗುತ್ತದೆ. ನಡು ಎಲ್ಲಿ, ಎರಡು ಕೊನೆ ಎಲ್ಲೆಲ್ಲಿ, ತಿರುಗುವುದು ಬಲಕ್ಕೋ ಎಡಕ್ಕೋ, ಎಷ್ಟು ವೇಗವಾಗಿ, ಸಂಕೇತ ತಪ್ಪಿದರೆ ಎಲ್ಲಿಗೆ ಹೋಗಿ ನಿಲ್ಲಬೇಕು ಎಂದೆಲ್ಲ ತುಂಬಿಸಬಹುದು. ಒಂದು ಕಂಪನಿಯ ಯಂತ್ರ ಇನ್ನೊಂದು ಕಂಪನಿಯ ಸರ್ವೊದ ಜೊತೆ ಮಾತಾಡುವುದಿಲ್ಲ. ಕೊರಿಯಾದ ಹೈಟೆಕ್‌ಗೆ ಹೈಟೆಕ್ಕಿನದೇ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 100–150 ರೂಪಾಯಿಗೆ ಸಿಗುವ ಒಂಬತ್ತು ಗ್ರಾಮಿನ ನೀಲಿ ಸರ್ವೊಗಳಿಗೆ ಈ ಯಾವ ಉಪದೇಶವೂ ಇಲ್ಲ. ಅವು ಹುಟ್ಟಿದ ಹಾಗೇ ಬದುಕಿ ಸಾಯುತ್ತವೆ.

ತುಂಬಿಸುವ ಬುದ್ಧಿಗಳಲ್ಲಿ ನನಗೆ ಅತಿ ಇಷ್ಟವಾದದ್ದು ಡೆಡ್‌ಬ್ಯಾಂಡ್. ಎಷ್ಟು ಚಿಕ್ಕ ಮಾತಿಗೆ ಕಿವಿಗೊಡಬಾರದು ಎಂಬುದರ ಅಳತೆ ಅದು. ಎರಡೇ ಮೈಕ್ರೊಸೆಕೆಂಡ್ ಇಟ್ಟರೆ ಸರ್ವೊ ಸೊಸೆಯ ಲೋಟದ ಸದ್ದಿಗೂ ಎದ್ದು ಬರುವ ಅತ್ತೆಯಂತೆ ಸದಾ ಎಚ್ಚರ, ಸದಾ ಗುಂಯ್, ಮೈ ಬಿಸಿ. ಹತ್ತು ಹದಿನೈದು ಇಟ್ಟರೆ ಶಾಂತಮೂರ್ತಿ; ಆದರೆ ವಿಮಾನ ಗೆರೆ ಹಿಡಿದು ಹೋಗುವುದಿಲ್ಲ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಓಲಾಡುತ್ತದೆ, ಹಾರಿಸುವವನು ಅದರ ಹಿಂದೆ ಕಡ್ಡಿ ಆಡಿಸುತ್ತಲೇ ಇರಬೇಕು. ನಾಲ್ಕೈದರ ಹತ್ತಿರ ಎಲ್ಲೋ ಇಬ್ಬರಿಗೂ ನೆಮ್ಮದಿ.

ನನಗೆ ಇದೆಲ್ಲ ಕಲಿಸಿದವರನ್ನು ನಮ್ಮ ವಿಮಾನ ಹಾರಿಸುವ ಗುಂಪಿನಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತೇವೆ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಕಿಸೆಯಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರ್ ಇರುತ್ತದೆ. ಪ್ರೋಗ್ರಾಮಿಂಗ್ ಬಗ್ಗೆ ಅವರದು ಒಂದೇ ಮಾತು: "ಇಕ್ಕಳದಲ್ಲಿ ಆಗೋದನ್ನ ಕಂಪ್ಯೂಟರಲ್ಲಿ ಮಾಡಬೇಡಪ್ಪ."

ಈ ಮಾತಿನ ತೂಕ ತಿಳಿಯಲು ಸರ್ವೊದ ತಲೆಯನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಒಂದು ಗಿಡ್ಡ ಕಂಬವಿರುತ್ತದೆ, ಅದರ ಸುತ್ತ ಸಣ್ಣ ಸಣ್ಣ ಹಲ್ಲು. ಜಪಾನಿನ ಫುಟಾಬಾ ಪದ್ಧತಿಯಲ್ಲಿ 25 ಹಲ್ಲು, ಹೈಟೆಕ್ಕಿನಲ್ಲಿ 24, ಜೆಆರ್‌ನಲ್ಲಿ 23. ಒಬ್ಬರದು ಇನ್ನೊಬ್ಬರಿಗೆ ಕೂರಬಾರದೆಂದೇ ಮಾಡಿದ ಹಾಗಿದೆ. ಕೈಯನ್ನು ಈ ಹಲ್ಲುಗಳ ಮೇಲೆ ಒತ್ತಿ ಕೂರಿಸಬೇಕು. ಸರ್ವೊ ನಡುವೆ ನಿಂತಾಗ ಕೈ ಸರಳಿಗೆ ನೇರ ಲಂಬವಾಗಿರಬೇಕು, ಇದು ಶಾಸ್ತ್ರ. ಅದು ಯಾವತ್ತೂ ಹಾಗೆ ಕೂರುವುದಿಲ್ಲ, ಇದು ಅನುಭವ. 25 ಹಲ್ಲಿನ ಕಂಬದಲ್ಲಿ ಒಂದು ಹಲ್ಲು ಸರಿಸಿದರೆ ಕೈ 14.4 ಡಿಗ್ರಿ ಸರಿಯುತ್ತದೆ. ಈ ಹಲ್ಲಿಗೆ ಹಾಕಿದರೆ ಕೈ ಮುಂದಕ್ಕೆ ವಾಲಿದೆ, ಆ ಹಲ್ಲಿಗೆ ಹಾಕಿದರೆ ಹಿಂದಕ್ಕೆ.

ನಾನು ತಕ್ಷಣ ಪ್ರೋಗ್ರಾಮರಿಗೆ ಕೈ ಚಾಚುತ್ತಿದ್ದೆ, ನಡುವನ್ನೇ ಸರಿಸಿಬಿಡೋಣ ಎಂದು. ಮೇಷ್ಟ್ರು ಒಮ್ಮೆ ತಡೆದು, ಡಬ್ಬಿಯಿಂದ ನಾಲ್ಕು ಕೈಗಳ ಒಂದು ಹಾರ್ನ್ (ಸರ್ವೊದ ಕೈಗೆ ಅದೇ ಹೆಸರು) ತೆಗೆದರು. ಕೂಡು ಗುರುತಿನ ಆಕಾರದ್ದು. ಹಲ್ಲಿಗೆ ಕೂರಿಸಿ ನೋಡಿದರು, ಸರಿಯಿಲ್ಲ. ಕಾಲು ಸುತ್ತು ತಿರುಗಿಸಿ ಎರಡನೆಯ ಕೈಯನ್ನು ಅದೇ ಜಾಗಕ್ಕೆ ತಂದರು, ಸ್ವಲ್ಪ ಸರಿಯಿತು. ಮೂರನೆಯದು ಅಚ್ಚುಕಟ್ಟಾಗಿ ನಿಂತಿತು. ನನಗೆ ಮಾಟದಂತೆ ಕಂಡಿತು. ಲೆಕ್ಕ ಸುಲಭ: 25 ನಾಲ್ಕರಿಂದ ನಿಶ್ಶೇಷ ಭಾಗವಾಗುವುದಿಲ್ಲ. ಆದ್ದರಿಂದ ನಾಲ್ಕು ಕೈಗಳೂ ಹಲ್ಲುಗಳ ಮೇಲೆ ಬೇರೆ ಬೇರೆ ಕೂರುತ್ತವೆ, ಒಂದಕ್ಕೊಂದು 3.6 ಡಿಗ್ರಿ ವ್ಯತ್ಯಾಸ. ಸರಿಯಾದ ಕೈಯನ್ನು ಉಳಿಸಿಕೊಂಡು ಉಳಿದ ಮೂರನ್ನು ಮೇಷ್ಟ್ರು ಕಟರಿನಿಂದ ಕತ್ತರಿಸಿ ಬಿಸಾಡಿದರು. 24 ಹಲ್ಲಿನ ಸರ್ವೊದಲ್ಲಿ ಈ ಆಟ ನಡೆಯದು. 24 ನಾಲ್ಕರಿಂದ ಚೆನ್ನಾಗಿ ಭಾಗವಾಗುತ್ತದಲ್ಲ. ಶಾಲೆಯಲ್ಲಿ ಶೇಷ ಉಳಿಯುವ ಲೆಕ್ಕ ಬಂದರೆ ನನಗೆ ಅಳು ಬರುತ್ತಿತ್ತು. ಶೇಷದಿಂದ ಉಪಯೋಗವೂ ಉಂಟೆಂದು ಆಗ ಯಾರೂ ಹೇಳಲಿಲ್ಲ.

ಇನ್ನೊಂದು ಸಲ ಎಲಿವೇಟರ್ ಬೇಕಾದ್ದಕ್ಕಿಂತ ಎರಡು ಪಟ್ಟು ಆಡುತ್ತಿತ್ತು. ನಾನು ಜಾಣತನ ಮಾಡಿ ಸರ್ವೊದ ಎರಡೂ ಕೊನೆಗಳನ್ನು ಕಂಪ್ಯೂಟರಿನಲ್ಲಿ ಅರ್ಧಕ್ಕೆ ಇಳಿಸಿದೆ. ಮೇಷ್ಟ್ರಿಗೆ ಗೊತ್ತಾಗಿ ಸಿಟ್ಟೇ ಬಂತು. "ಹತ್ತು ಕೆಜಿ ಎಳೆಯೋ ಎತ್ತಿಗೆ ದುಡ್ಡು ಕೊಟ್ಟು, ಅರ್ಧ ದಾರಿ ಮಾತ್ರ ನಡೀಬೇಕು ಅಂತ ಹಗ್ಗ ಕಟ್ಟಿದೀಯಲ್ಲ!" ಸರ್ವೊದ ಬಲವನ್ನು ಕೆಜಿ-ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ಹತ್ತು ಕೆಜಿ-ಸೆಂಟಿಮೀಟರ್ ಎಂದರೆ ನಡುವಿನಿಂದ ಒಂದು ಸೆಂಟಿಮೀಟರ್ ದೂರದ ತೂತಿನಲ್ಲಿ ಹತ್ತು ಕೆಜಿ ಎಳೆತ, ಎರಡು ಸೆಂಟಿಮೀಟರ್ ದೂರದಲ್ಲಿ ಐದೇ. ಸರಳನ್ನು ಹೊರತೂತಿನಿಂದ ಬಿಚ್ಚಿ ಒಳತೂತಿಗೆ ಹಾಕಿದರೆ ಎಲಿವೇಟರಿನ ಆಟವೂ ಅರ್ಧವಾಗುತ್ತದೆ, ಬಲ ಇಮ್ಮಡಿಯಾಗುತ್ತದೆ, ಸರ್ವೊದ ಪೂರ್ತಿ ತಿರುಗಾಟವೂ ಉಳಿಯುವುದರಿಂದ ಕಡ್ಡಿಯ ಸೂಕ್ಷ್ಮವೂ ಉಳಿಯುತ್ತದೆ. ನಾನು ಕಂಪ್ಯೂಟರಿನಲ್ಲಿ ಮಾಡಿದ್ದರಿಂದ ಬಲ ಹೆಚ್ಚಲಿಲ್ಲ, ಸೂಕ್ಷ್ಮ ಅರ್ಧವಾಯಿತು. ಇಕ್ಕಳದಲ್ಲಿ ಮಾಡಿದರೆ ಎರಡು ನಿಮಿಷದ ಕೆಲಸ.

ಹಾಗಾದರೆ ಪ್ರೋಗ್ರಾಮರ್ ಬೇಡವೇ? ಬೇಕು. ಇಕ್ಕಳ ಸೋತಲ್ಲಿ ಬೇಕು. ಒಂದು ದೊಡ್ಡ ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಒಂದೇ ರಡ್ಡರಿಗೆ ಎರಡು ಸರ್ವೊ ಕಟ್ಟಿದಾಗ ಎರಡೂ ಎಲ್ಲ ಜಾಗದಲ್ಲೂ ತಾಳೆಯಾಗಲೇಬೇಕು. ಇಲ್ಲದಿದ್ದರೆ ಒಂದು ಈ ಕಡೆ ಎಳೆಯುತ್ತ, ಇನ್ನೊಂದು ಆ ಕಡೆ ಎಳೆಯುತ್ತ, ವಿಮಾನ ನಿಂತಲ್ಲೇ ನಿಂತಿದ್ದರೂ ಎರಡೂ ಬಿಸಿಯೇರಿ ಬ್ಯಾಟರಿ ಕುಡಿಯುತ್ತವೆ. ಆಗ ಅಮ್ಮೀಟರ್ ಹಚ್ಚಿ, ಮುಳ್ಳು ಇಳಿಯುವ ತನಕ ಒಂದರ ನಡುವನ್ನು, ಆಮೇಲೆ ಕೊನೆಗಳನ್ನು ಒಂದೊಂದೇ ಮೈಕ್ರೊಸೆಕೆಂಡ್ ಸರಿಸುತ್ತ ಕೂರಬೇಕು. ಜಗಳವಾಡಿದ ಅಣ್ಣತಮ್ಮಂದಿರನ್ನು ಕೂರಿಸಿ ಪಂಚಾಯಿತಿ ಮಾಡಿದ ಹಾಗೆ. ತಾಳ್ಮೆಯ ಕೆಲಸ, ಆದರೆ ಗುಂಯ್ ನಿಂತಾಗ ಬರುವ ಮೌನವಿದೆಯಲ್ಲ, ಅದಕ್ಕೆ ಸಾಟಿಯಿಲ್ಲ.

ನನ್ನ ಕತೆ ಶುರುವಾಗುವುದು ಬೇರೆ ಕಡೆ. ಹಿಂದೆ ನನ್ನಲ್ಲಿ ಒಂದು ವಿಮಾನವಿತ್ತು. ಅದರ ಎಲಿವೇಟರ್ ಎರಡು ಹೋಳು, ಬಾಲದ ಎಡಕ್ಕೊಂದು ಸರ್ವೊ, ಬಲಕ್ಕೊಂದು ಸರ್ವೊ, ಕನ್ನಡಿಯಲ್ಲಿ ಮುಖ ನೋಡಿದ ಹಾಗೆ ಎದುರುಬದುರು. ಎರಡಕ್ಕೂ ಒಂದೇ ಅಪ್ಪಣೆ ಕೊಟ್ಟರೆ ಒಂದು ಮೇಲಕ್ಕೆ ಹೋದಾಗ ಇನ್ನೊಂದು ಕೆಳಕ್ಕೆ. ರಿಸೀವರಿನಲ್ಲಿ ಆರೇ ಚಾನೆಲ್, ಆರೂ ಭರ್ತಿ. ಆದ್ದರಿಂದ ಎರಡು ಸರ್ವೊಗೂ ಕವಲು ತಂತಿ ಹಾಕಿ ಒಂದೇ ಚಾನೆಲ್ಲಿಗೆ ಸೇರಿಸಿದ್ದೆ. ರೇಡಿಯೊದಲ್ಲಿ ಒಂದನ್ನು ಮಾತ್ರ ಉಲ್ಟಾ ಮಾಡುವ ದಾರಿ ಇರಲಿಲ್ಲ. ಬಲಗಡೆಯ ಸರ್ವೊವನ್ನು ಪ್ರೋಗ್ರಾಮರಿಗೆ ಹಚ್ಚಿ, ತಿರುಗುವ ದಿಕ್ಕನ್ನು ಉಲ್ಟಾ ಮಾಡಿ, ಸೇವ್ ಒತ್ತಿದೆ. ಎರಡು ಹೋಳೂ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದವು. ಎರಡು ವರ್ಷ ಚೆನ್ನಾಗಿ ಹಾರಿತು. ಆಮೇಲೆ ವಿಮಾನಕ್ಕೆ ವಯಸ್ಸಾಯಿತು, ಬಿಚ್ಚಿದೆ, ಸರ್ವೊಗಳು ಪೆಟ್ಟಿಗೆ ಸೇರಿದವು.

ಕರೆಂಟು ತೆಗೆದರೂ ಸರ್ವೊ ಕಲಿತದ್ದನ್ನು ಮರೆಯುವುದಿಲ್ಲ. ನಾನು ಮರೆತೆ.

ಕೆಲವು ವರ್ಷ ಕಳೆದು ನಾನು ಎಚ್‌ಟಿ-2 ಕಟ್ಟುತ್ತಿದ್ದೆ. ಹೆಸರು ಕೇಳದವರಿಗೆ ಒಂದು ಮಾತು: ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ಮುಂದಾಳತ್ವದಲ್ಲಿ ಇಲ್ಲೇ ವಿನ್ಯಾಸಗೊಂಡು, 1951ರ ಆಗಸ್ಟಿನಲ್ಲಿ ಮೊದಲು ಹಾರಿದ ತರಬೇತಿ ವಿಮಾನ ಅದು. ಒಬ್ಬರ ಹಿಂದೊಬ್ಬರು ಕೂರುವ ಎರಡು ಸೀಟು, ಕೆಳರೆಕ್ಕೆ, ಬಾಲಕ್ಕೊಂದು ಪುಟ್ಟ ಚಕ್ರ. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಲು ಕಲಿತದ್ದು ಅದರಲ್ಲಿ. ಮೇಷ್ಟ್ರಿಗೆ ಅದರ ಮೇಲೆ ವಿಶೇಷ ಮಮತೆ. ಬಾಲ್ಸಾ ಕಟ್ಟಿಗೆಯಲ್ಲಿ ಎಂಟು ತಿಂಗಳು ಕೂತು ಆರಡಿ ರೆಕ್ಕೆಯ ಮಾದರಿ ಕಟ್ಟಿದೆ. ಹಳದಿ ಬಣ್ಣ ಬಳಿದೆ. ಮನೆಯಲ್ಲಿ ಅದಕ್ಕೆ ದೃಷ್ಟಿ ತೆಗೆಯುವುದೊಂದು ಬಾಕಿ.

ಗೌರಿಬಿದನೂರು ರಸ್ತೆಯ ಕಡೆ ನಾವು ಹೋಗುವ ಒಂದು ಬತ್ತಿದ ಕೆರೆಯಿದೆ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ಬಣ್ಣದ, ಅಂದರೆ ಹಾರಿಸಬಹುದಾದ ಜಾಗ. ಈಗೀಗ ಬಯಲಿದ್ದರೆ ಸಾಲದು, ನಕ್ಷೆಯೂ ಹಸಿರಿರಬೇಕು. ಭಾನುವಾರ ಬೆಳಿಗ್ಗೆ ಕಾರಿನ ಹಿಂಬಾಗಿಲು ತೆಗೆದು ನೋಡಿದರೆ, ದಾರಿಯ ಕುಲುಕಾಟಕ್ಕೆ ಎಲಿವೇಟರ್ ಸ್ಟೆಪ್ನಿಗೆ ತಗುಲಿ ಸರ್ವೊದ ಗೇರಿನ ಹಲ್ಲು ಮುರಿದಿತ್ತು. ಎಲಿವೇಟರ್ ಗಾಳಿಗೆ ಆಡುವ ಕಿಟಕಿ ಬಾಗಿಲಿನಂತೆ ಲಟಲಟ ಅನ್ನುತ್ತಿತ್ತು. ಬಂದವರೆಲ್ಲ ಸುತ್ತ ನಿಂತಿದ್ದರು. ಮರಳಿ ಮನೆಗೆ ಹೋಗುವ ಮನಸ್ಸಿಲ್ಲ. ಪೆಟ್ಟಿಗೆ ತಡಕಿದೆ. ಅದೇ ಕಂಪನಿ, ಅದೇ ಮಾಡೆಲ್ಲು, ಒಂದು ಸರ್ವೊ ಸಿಕ್ಕಿತು. ದೇವರು ದೊಡ್ಡವನು ಅಂದುಕೊಂಡೆ.

ಹದಿನೈದು ನಿಮಿಷದಲ್ಲಿ ಕೂರಿಸಿದೆ. ರೇಡಿಯೊ ಹಾಕಿದೆ, ಸರ್ವೊ ನಡುವಿಗೆ ಬಂದು ನಿಂತಿತು, ಹಾರ್ನ್ ಲಂಬವಾಗಿ ಕೂತಿತು, ಸರಳು ಸಿಕ್ಕಿಸಿದೆ, ಎಲಿವೇಟರ್ ಮಟ್ಟಸವಾಗಿ ನಿಂತಿತು. ಇಲ್ಲೇ ಇರುವುದು ಮೋಸ. ನಡುವೆ ನಿಂತಾಗ ನೆಟ್ಟಗಿನ ಸರ್ವೊ, ಉಲ್ಟಾ ಸರ್ವೊ ಎರಡೂ ಒಂದೇ. 1500 ಅಂದರೆ ಇಬ್ಬರಿಗೂ 1500. ಮೇಷ್ಟ್ರು ದೂರದಲ್ಲಿ ಕಾರಿನ ಬಾನೆಟ್ಟಿನ ಮೇಲೆ ಇಡ್ಲಿ ಪೊಟ್ಟಣ ಬಿಚ್ಚುತ್ತಿದ್ದವರು ಅಲ್ಲಿಂದಲೇ ಕೂಗಿದರು: "ನೋಡಿದ್ಯಾ?"

ಕಡ್ಡಿ ಎಳೆದೆ. ಎಲಿವೇಟರ್ ಆಡಿತು. "ನೋಡಿದೆ ಮೇಷ್ಟ್ರೇ!"

ಆಡಿತು ಎಂಬುದನ್ನು ನೋಡಿದೆ. ಯಾವ ಕಡೆಗೆ ಎಂಬುದನ್ನು ನೋಡಲಿಲ್ಲ.

ಎಚ್‌ಟಿ-2 ಕೆರೆಯಂಗಳದಲ್ಲಿ ಚೆಂದವಾಗಿ ಓಡಿತು. ಬಾಲ ಎದ್ದಿತು. ವೇಗ ಸಾಕಾಗಿ ತಾನಾಗಿಯೇ ನೆಲ ಬಿಟ್ಟು ಎದೆಮಟ್ಟಕ್ಕೆ ಏರಿತು. ಯಾರೋ ಚಪ್ಪಾಳೆ ತಟ್ಟಿದರು. ಇನ್ನಷ್ಟು ಏರಲಿ ಎಂದು ನಾನು ಕಡ್ಡಿಯನ್ನು ಒಂದಿಷ್ಟು ಎಳೆದೆ. ಮೂಗು ಕೆಳಗಾಯಿತು. ಮೂಗು ಕೆಳಗಾದರೆ ಹಾರಿಸುವವನ ಬೆರಳು ಏನು ಮಾಡುತ್ತದೆ? ಇನ್ನಷ್ಟು ಎಳೆಯುತ್ತದೆ. ಇಪ್ಪತ್ತು ವರ್ಷ ಅದಕ್ಕೆ ಅದೇ ಅಭ್ಯಾಸ. ಎಂಟು ತಿಂಗಳ ಬಾಲ್ಸಾ ಚೂರಾಗಲು ಎರಡು ಸೆಕೆಂಡ್ ಹಿಡಿಯಲಿಲ್ಲ. ಬಾಲ್ಸಾ ಮುರಿಯುವಾಗ ಹಪ್ಪಳ ಮುರಿದಂಥ ಸದ್ದು. ಮದುವೆ ಊಟದ ಪಂಕ್ತಿಯಲ್ಲಿ ಈಗಲೂ ಆ ಸದ್ದು ಕೇಳಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ಬಂದರು. "ಎಳೆದಾಗ ಮೇಲಕ್ಕೆ ಹೋಯ್ತಾ, ಕೆಳಕ್ಕೆ ಹೋಯ್ತಾ?"

"ಕೆಳಕ್ಕೆ."

"ಮತ್ತೆ ಯಾಕೆ ಎಳೆದೆ?"

ಇದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ಚೂರುಗಳನ್ನು ಗೋಣಿಚೀಲಕ್ಕೆ ತುಂಬುವಾಗ ಮೇಷ್ಟ್ರು ಮಾತ್ರ ಬೈಯಲಿಲ್ಲ. ಲ್ಯಾಂಕಾಸ್ಟರ್ ಬಾಂಬರಿನ ವಿನ್ಯಾಸಕಾರ ರಾಯ್ ಚಾಡ್ವಿಕ್‌ನ ಕತೆ ಹೇಳಿದರು. ನಮಗೆ ಸ್ವಾತಂತ್ರ್ಯ ಬಂದು ಎಂಟೇ ದಿನ, 1947ರ ಆಗಸ್ಟ್ 23. ಇಂಗ್ಲೆಂಡಿನ ವುಡ್‌ಫರ್ಡ್‌ನಲ್ಲಿ ತನ್ನದೇ ಕಂಪನಿಯ ಆವ್ರೊ ಟ್ಯೂಡರ್ ವಿಮಾನದ ಪರೀಕ್ಷಾ ಹಾರಾಟಕ್ಕೆ ಆತನೂ ಹತ್ತಿದ್ದ. ಹಿಂದಿನ ರಿಪೇರಿಯಲ್ಲಿ ಏಲರಾನಿನ ತಂತಿಗಳು ಅದಲುಬದಲಾಗಿದ್ದವು. ನೆಲ ಬಿಟ್ಟೊಡನೆ ವಿಮಾನ ವಾಲಿ ಬಿತ್ತು; ಚಾಡ್ವಿಕ್ ಉಳಿಯಲಿಲ್ಲ. "ಅಂಥವರಿಗೇ ಆಯ್ತು. ನಿನ್ನದು ಕಟ್ಟಿಗೆ ತಾನೇ, ಹೋಗಲಿ ಬಿಡು" ಎಂದರು ಮೇಷ್ಟ್ರು. ಸಮಾಧಾನಕ್ಕೆ ಹೇಳಿದ್ದೇ ಹೌದು. ಆದರೆ ‘ನೋಡಿದೆ ಮೇಷ್ಟ್ರೇ’ ಎಂದು ನಾನು ಕೂಗಿದ್ದು ದಾರಿಯುದ್ದಕ್ಕೂ ನನ್ನ ಕಿವಿಯಲ್ಲೇ ಇತ್ತು.

ಮನೆಗೆ ಬಂದು ಸರ್ವೊವನ್ನು ಚೂರುಗಳ ನಡುವಿನಿಂದ ಹೆಕ್ಕಿ ಪ್ರೋಗ್ರಾಮರಿಗೆ ಹಚ್ಚಿದೆ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಪರದೆಯ ಮೇಲೆ ದಿಕ್ಕಿನ ಸಾಲಿನಲ್ಲಿ ‘ರಿವರ್ಸ್’ ಎಂದು ತೋರಿಸಿತು. ನಾನೇ ವರ್ಷಗಳ ಹಿಂದೆ ಹೇಳಿಕೊಟ್ಟದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿತು. ಅದರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದರೆ ಎಲ್ಲಿಯೂ ಹಿಡಿ ಸಿಗಲಿಲ್ಲ.

ನಮ್ಮಾಕೆ ಗೋಣಿಚೀಲ ನೋಡಿದಳು, ನನ್ನ ಮುಖ ನೋಡಿದಳು, ಕಾಫಿ ತಂದುಕೊಟ್ಟಳು. ಏನಾಯಿತೆಂದು ಹೇಳಿದೆ. ಎರಡು ಸರ್ವೊ ಪಕ್ಕದಲ್ಲಿಟ್ಟು, ನೋಡು, ಹೊರಗಿನಿಂದ ಯಾವುದು ಉಲ್ಟಾ ಎಂದು ಯಾರಿಗೆ ಗೊತ್ತಾಗಬೇಕು ಎಂದೆ. ಅವಳು ಎದ್ದುಹೋಗಿ ಅಡುಗೆಮನೆಯಿಂದ ಎರಡು ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಒಂದೇ ಅಳತೆ, ಒಂದೇ ಹೊಳಪು. ಮುಚ್ಚಳ ತೆಗೆದರೆ ಎರಡರಲ್ಲೂ ಅದೇ ಕೆಂಪು ಪುಡಿ. ಒಂದರ ಮೇಲೆ ಬಿಳಿ ಟೇಪು, ‘ಸಾರು’. ಇನ್ನೊಂದರ ಮೇಲೆ ‘ಹುಳಿ’. ಅವಳು ತವರಿಗೆ ಹೋಗಿದ್ದಾಗ ನಾನು ಹುಳಿಗೆ ಸಾರಿನ ಪುಡಿ ಸುರಿದು, ಮೂರು ದಿನ ಅದನ್ನೇ ತಿಂದು, ಬಂದಮೇಲೆ ನಿನ್ನ ಪುಡಿ ಈ ಸಲ ಚೆನ್ನಾಗಿಲ್ಲ ಎಂದಿದ್ದೆನಂತೆ. ಟೇಪು ಬಂದದ್ದು ಆ ವಾರ. "ಪುಡಿಗೆ ಗೊತ್ತಿರುತ್ತೆ ರೀ ತಾನ್ಯಾರು ಅಂತ. ಹಾಕೋರಿಗೆ ಗೊತ್ತಿರಬೇಕಲ್ಲ" ಎಂದಳು.

ಆವತ್ತು ರಾತ್ರಿ ಹನ್ನೊಂದರವರೆಗೆ ಇಬ್ಬರೂ ಕೂತೆವು. ನಾನು ಪೆಟ್ಟಿಗೆಯ ಒಂದೊಂದೇ ಡಿಜಿಟಲ್ ಸರ್ವೊವನ್ನು ಪ್ರೋಗ್ರಾಮರಿಗೆ ಹಚ್ಚಿ ಓದಿ ಹೇಳುವುದು, ಅವಳು ಟೇಪು ಕತ್ತರಿಸಿ ಬರೆದು ಅಂಟಿಸುವುದು. ನಡು ಸರಿದದ್ದು ಎರಡಿತ್ತು, ಕೊನೆ ಮೊಟಕಾದದ್ದು ಒಂದಿತ್ತು. ಅವನ್ನು ರಿಸೆಟ್ ಮಾಡಿ ಹುಟ್ಟಿದ ಸ್ಥಿತಿಗೆ ತಂದೆವು. ಒಂದನ್ನು ಮಾತ್ರ ನಾನು ರಿಸೆಟ್ ಮಾಡಲಿಲ್ಲ, ಯಾಕೆಂದು ಅವಳೂ ಕೇಳಲಿಲ್ಲ.

ಈಗ ಪೆಟ್ಟಿಗೆಯಲ್ಲಿ ಹನ್ನೊಂದು ಸರ್ವೊ ಇವೆ. ಹತ್ತರ ಮೇಲೆ ‘ಹೊಸದರ ಹಾಗೆ’ ಎಂದಿದೆ. ಹನ್ನೊಂದನೆಯದರ ಮೇಲೆ, ಸಾರಿನ ಡಬ್ಬಿಯ ಮೇಲಿರುವ ಅದೇ ದುಂಡು ಅಕ್ಷರದಲ್ಲಿ, ‘ಉಲ್ಟಾ’.